ನೀರಿಗೆ ದಾರಿ ಬಿಟ್ಟರೆ ರಸ್ತೆ ಉಳಿಯುತ್ತದೆ



ಈ ಪಾಠದಲ್ಲಿ ನಾವು ರಸ್ತೆಯ ಬಗ್ಗೆ ಓದೋಣ. ದೊಡ್ಡ ಹೆದ್ದಾರಿಯ ಬಗ್ಗೆ ಅಲ್ಲ. ನಮ್ಮ ಮನೆ ಬಾಗಿಲಿನಿಂದ ಹೊರಟು ಹೆದ್ದಾರಿ ಮುಟ್ಟುವ ಸಣ್ಣ ರಸ್ತೆಯ ಬಗ್ಗೆ. ನಾವು ಹಾಲು ಕೊಂಡುಹೋಗುವ ರಸ್ತೆ. ಮೀನಿನ ಬುಟ್ಟಿ ಹೊತ್ತು ನಡೆಯುವ ರಸ್ತೆ. ಮಕ್ಕಳು ಶಾಲೆಗೆ ಹೋಗುವ ರಸ್ತೆ.

ನಾವು ಶಾಲೆಯಲ್ಲಿ ಪಾಠ ಹೇಳುವವರು. ರಸ್ತೆಯ ಕೆಲಸ ಕಲಿತವರಲ್ಲ. ಆದರೂ ಈ ಪಾಠ ಯಾಕೆ ಬರೆದೆವು? ಅದಕ್ಕೆ ಒಂದು ಕಾರಣ ಇದೆ. ಮೊದಲು ಅದನ್ನು ಓದಿ.

ಕುರ್ಚಿಯಲ್ಲಿ ಹೋದ ಬಸುರಿ

ಆಸಾಡಿ ತಿಂಗಳ ಒಂದು ರಾತ್ರಿ. ಬೆಳಗ್ಗಿನಿಂದ ಮಳೆ ಬಿಟ್ಟಿರಲಿಲ್ಲ. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಸೊಸೆಗೆ ಹೆರಿಗೆ ನೋವು ಬಂತು. ಆಟೋಗೆ ಫೋನು ಮಾಡಿದರು. ಆಟೋ ಹೆದ್ದಾರಿಯ ತನಕ ಬಂತು. ಒಳಗೆ ಬರಲಿಲ್ಲ. ರಸ್ತೆಯ ತುಂಬ ಹೊಂಡ. ಹೊಂಡದ ತುಂಬ ನೀರು. ಎಲ್ಲಿ ಎಷ್ಟು ಆಳ ಎಂದು ಕಾಣುವುದಿಲ್ಲ.

"ಅಕ್ಕ, ಆಟೋ ಒಳಗ್ ಬತ್ತಿಲ್ಲೆ ಅಂಬ್ರ್. ಎಂತ ಮಾಡುದ್?" ಎಂದು ಪಕ್ಕದ ಮನೆಯ ಹುಡುಗ ಓಡಿ ಬಂದ.

ನಾಲ್ಕು ಜನ ಸೇರಿದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಆ ಹುಡುಗಿಯನ್ನು ಕೂರಿಸಿದರು. ಕೊಡೆ ಹಿಡಿದುಕೊಂಡು, ಮೊಣಕಾಲು ನೀರಿನಲ್ಲಿ, ಹೆದ್ದಾರಿಯ ತನಕ ಹೊತ್ತರು. ದೇವರ ದಯೆ, ತಾಯಿ ಮಗು ಇಬ್ಬರೂ ಕ್ಷೇಮ.

ಮರುದಿನ ಆ ಅಕ್ಕ ತರಗತಿಗೆ ಬಂದರು. ಪುಸ್ತಕ ತೆರೆಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಆ ರಸ್ತಿ ಮಾಡಿ ಮೂರ್ ವರ್ಷ ಆಯ್ಲಿಲ್ಲ. ಆಗ್ಳೇ ಹಾಳಾಯ್ತ್. ಯಾಕೆ?"

ನಮಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳಿದೆವು. ರಸ್ತೆ ಕೆಲಸದ ಮೇಸ್ತ್ರಿಗಳನ್ನು ಕೇಳಿದೆವು. ಓದಿದೆವು. ನಾವು ತಿಳಿದದ್ದನ್ನು ಈಗ ನಿಮಗೆ ಹೇಳುತ್ತೇವೆ.

ನಮ್ಮ ಊರಿನ ನೀರು

ಮರವಂತೆಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ಪಶ್ಚಿಮಕ್ಕೆ ಕಡಲು. ಪೂರ್ವಕ್ಕೆ ಸೌಪರ್ಣಿಕಾ ಹೊಳೆ. ನಡುವೆ ಹೆದ್ದಾರಿ. ಮೊದಲು ಅದಕ್ಕೆ 17 ಎಂಬ ನಂಬರು ಇತ್ತು. ಈಗ 66.

ನೋಡಲು ಚಂದ. ಆದರೆ ರಸ್ತೆಗೆ ಇದು ಕಷ್ಟದ ಜಾಗ. ಕಡಲಿನ ಬದಿಯಲ್ಲಿ ಹೊಯಿಗೆ. ಹೊಳೆಯ ಬದಿಯಲ್ಲಿ ಗದ್ದೆಯ ಮೆತ್ತನೆ ಮಣ್ಣು. ಸ್ವಲ್ಪ ಒಳಗೆ ಹೋದರೆ ಮುರಕಲ್ಲಿನ ನೆಲ. ಒಂದೊಂದು ನೆಲಕ್ಕೆ ಒಂದೊಂದು ಗುಣ.

ಮೇಲಿನಿಂದ ಮಳೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅಂದರೆ 4 ಮೀಟರ್. ಬಿದ್ದ ನೀರು ಹರಿಯದೆ ನಿಂತರೆ ಇಬ್ಬರು ಹೆಂಗಸರು ಒಬ್ಬರ ಮೇಲೆ ಒಬ್ಬರು ನಿಂತರೂ ಮುಳುಗುತ್ತಾರೆ. ಬೆಂಗಳೂರಿನಲ್ಲಿ ಬೀಳುವುದು ಇದರ ಕಾಲು ಭಾಗ ಮಾತ್ರ.

ಒಂದು ಲೆಕ್ಕ ಮಾಡೋಣ. ನಮ್ಮ ರಸ್ತೆ 200 ಮೀಟರ್ ಉದ್ದ, 3 ಮೀಟರ್ ಅಗಲ ಇದೆ ಎಂದುಕೊಳ್ಳಿ.

200 × 3 = 600 ಚದರ ಮೀಟರ್.

ಅದರ ಮೇಲೆ 4 ಮೀಟರ್ ಮಳೆ.

600 × 4 = 2400 ಘನ ಮೀಟರ್ ನೀರು. ಅಂದರೆ 24 ಲಕ್ಷ ಲೀಟರ್.

ಒಂದು ಕೊಡಪಾನಕ್ಕೆ 15 ಲೀಟರ್ ಹಿಡಿದರೆ 1,60,000 ಕೊಡಪಾನ ನೀರು. ಇದು ರಸ್ತೆಯ ಮೇಲೆ ನೇರವಾಗಿ ಬೀಳುವ ನೀರು ಮಾತ್ರ. ಹಿತ್ತಿಲಿನಿಂದ, ಗುಡ್ಡೆಯಿಂದ ಹರಿದು ಬರುವ ನೀರು ಬೇರೆ.

ಇಷ್ಟು ನೀರಿಗೆ ಹೋಗಲು ದಾರಿ ಬೇಕು. ದಾರಿ ಕೊಡದಿದ್ದರೆ ಅದು ರಸ್ತೆಯ ಒಳಗೇ ದಾರಿ ಮಾಡಿಕೊಳ್ಳುತ್ತದೆ.

ರಸ್ತೆಯ ಒಳಗೆ ಏನಿದೆ?

ನಮಗೆ ಕಾಣುವುದು ಮೇಲಿನ ಕಪ್ಪು ಡಾಂಬರು. ರಸ್ತೆ ಅಂದರೆ ಅದೇ ಎಂದು ನಾವು ತಿಳಿಯುತ್ತೇವೆ. ಅದು ತಪ್ಪು.

ಕೆಳಗೆ ಗಟ್ಟಿ ಮಾಡಿದ ಮಣ್ಣು. ಅದರ ಮೇಲೆ ದಪ್ಪ ಜಲ್ಲಿ. ಅದರ ಮೇಲೆ ಸಣ್ಣ ಜಲ್ಲಿ. ಎಲ್ಲವನ್ನೂ ರೋಲರ್ ಹಾಯಿಸಿ ಕೂರಿಸುತ್ತಾರೆ. ಕೊನೆಗೆ ಡಾಂಬರು. ಹಳ್ಳಿ ರಸ್ತೆಯಲ್ಲಿ ಮೇಲಿನ ಡಾಂಬರು ಪದರ ಹೆಚ್ಚಾಗಿ 2 ಸೆಂಟಿಮೀಟರ್ ಮಾತ್ರ ಇರುತ್ತದೆ.

ಗಾಡಿಯ ಭಾರ ಹೊರುವುದು ಡಾಂಬರು ಅಲ್ಲ. ಜಲ್ಲಿ ಮತ್ತು ಮಣ್ಣು. ಹಾಗಾದರೆ ಡಾಂಬರು ಯಾಕೆ? ಅದು ಮನೆಯ ಮಾಡಿನ ಹಂಚಿನ ಹಾಗೆ. ನೀರು ಒಳಗೆ ಇಳಿಯದ ಹಾಗೆ ಕಾಯುತ್ತದೆ. ಜಲ್ಲಿ ಏಳದ ಹಾಗೆ ಹಿಡಿದುಕೊಳ್ಳುತ್ತದೆ.

ಹಂಚು ಒಡೆದರೆ ಏನಾಗುತ್ತದೆ? ನೀರು ಇಳಿಯುತ್ತದೆ. ಪಕಾಸಿ ಕುಂಬಾಗುತ್ತದೆ. ಗೋಡೆ ನೆನೆಯುತ್ತದೆ. ರಸ್ತೆಯೂ ಹಾಗೆಯೇ. ಡಾಂಬರು ಬಿರಿಯುತ್ತದೆ. ಬಿರುಕಿನಲ್ಲಿ ನೀರು ಇಳಿಯುತ್ತದೆ. ಕೆಳಗಿನ ಮಣ್ಣು ಮೆತ್ತಗಾಗುತ್ತದೆ. ಮೇಲೆ ಗಾಡಿ ಹೋದಾಗ ಕುಸಿಯುತ್ತದೆ. ಅದೇ ಹೊಂಡ.

ಸುಮಾರು 200 ವರ್ಷಗಳ ಹಿಂದೆ ಸ್ಕಾಟ್ಲೆಂಡ್ ದೇಶದ ಜಾನ್ ಮೆಕಾಡಮ್ ಎಂಬವರಿದ್ದರು. ಅವರು ರಸ್ತೆ ಮಾಡುವುದರಲ್ಲಿ ಹೆಸರು ಪಡೆದವರು. ದೊಡ್ಡ ದೊಡ್ಡ ಬಂಡೆ ಬೇಡ, ಒಡೆದ ಸಣ್ಣ ಜಲ್ಲಿ ಸಾಕು ಎಂದು ಅವರು ತೋರಿಸಿದರು. ಇನ್ನೊಂದು ಮಾತನ್ನೂ ತೋರಿಸಿದರು. ರಸ್ತೆಯನ್ನು ನೆಲದಿಂದ ಎತ್ತರಿಸಿ, ಕೆಳಗಿನ ಮಣ್ಣನ್ನು ಒಣಗಿದ ಹಾಗೆ ಇಟ್ಟರೆ ಅದೇ ಭಾರ ಹೊರುತ್ತದೆ. ಅವರ ರಸ್ತೆಗೆ ಡಾಂಬರು ಹಾಕುತ್ತಿರಲಿಲ್ಲ. ಇಂದಿಗೂ ರಸ್ತೆಯ ಮೊದಲ ಪಾಠ ಇದೇ.

ಕೊಡಪಾನದ ಪರೀಕ್ಷೆ

ಒಳ್ಳೆಯ ರಸ್ತೆಯ ನಡು ಎತ್ತರ ಇರಬೇಕು. ಎರಡೂ ಬದಿ ಇಳಿಜಾರು ಇರಬೇಕು. 3 ಮೀಟರ್ ಅಗಲದ ಡಾಂಬರು ರಸ್ತೆಗೆ ನಡು ಭಾಗ ಅಂಚಿಗಿಂತ ಸುಮಾರು 5 ಸೆಂಟಿಮೀಟರ್ ಎತ್ತರ ಬೇಕು. ಅಂದರೆ ಮೂರು ಬೆರಳು ಜೋಡಿಸಿದಷ್ಟು.

ಇದನ್ನು ನೋಡಲು ಇಂಜಿನಿಯರು ಬೇಡ. ಒಂದು ಕೊಡಪಾನ ನೀರು ಸಾಕು. ರಸ್ತೆಯ ನಡುವೆ ನೀರು ಹೊಯ್ಯಿರಿ. ನೋಡಿ. ನೀರು ಬದಿಗೆ ಹರಿದು ಚರಂಡಿಗೆ ಬಿದ್ದರೆ ರಸ್ತೆ ಸರಿ ಇದೆ. ನಡುವೆಯೇ ನಿಂತರೆ ಮುಂದಿನ ಮಳೆಗೆ ಅಲ್ಲಿಯೇ ಹೊಂಡ.

ನಾವು ತರಗತಿಯ ಹೆಂಗಸರು ಸೇರಿ ಹೀಗೆ ಮಾಡಿ ನೋಡಿದೆವು. ಹತ್ತು ಕಡೆ ನೀರು ಹೊಯ್ದೆವು. ಆರು ಕಡೆ ನೀರು ಅಂಚಿನ ತನಕ ಹೋಯಿತು. ಅಲ್ಲಿ ನಿಂತಿತು. ಯಾಕೆ? ಅಂಚಿನ ಮಣ್ಣು ಮತ್ತು ಹುಲ್ಲು ಡಾಂಬರಿಗಿಂತ ಎತ್ತರ ಬೆಳೆದಿತ್ತು. ಚರಂಡಿ ಇತ್ತು. ಆದರೆ ನೀರು ಚರಂಡಿಗೆ ಹೋಗಲು ದಾರಿ ಇರಲಿಲ್ಲ.

ಇನ್ನೂ ಒಂದು ಕಂಡಿತು. ಅದನ್ನು ಹೇಳಲು ನಾಚಿಕೆ. ಆದರೂ ಹೇಳಬೇಕು. ನಾಲ್ಕು ಮನೆಯವರು ಗೇಟಿನ ಎದುರು ಚರಂಡಿಗೆ ಮಣ್ಣು ತುಂಬಿಸಿ ಬೈಕು ಹೋಗಲು ದಾರಿ ಮಾಡಿದ್ದರು. ಕೆಳಗೆ ಪೈಪು ಇಟ್ಟಿರಲಿಲ್ಲ. ಮೇಲಿನ ನೀರೆಲ್ಲ ಅಲ್ಲಿಗೆ ಬಂದು ರಸ್ತೆಗೆ ಏರುತ್ತಿತ್ತು. ಆ ನಾಲ್ಕು ಮನೆಯಲ್ಲಿ ಒಂದು ನಮ್ಮದೇ.

ಪಂಚಾಯತಿಯನ್ನು ಬೈಯುವ ಮೊದಲು ನಾವು ಒಂದು ಪೈಪು ತಂದು ಹಾಕಿದೆವು.

ಖರ್ಚಿಲ್ಲದ ಕೆಲಸ, ಕಡಿಮೆ ಖರ್ಚಿನ ಕೆಲಸ

ಮಳೆಗಾಲಕ್ಕೆ ಮೊದಲು ನಾವು ಮಾಡಿನ ಹಂಚು ಕೈಯಾಡಿಸುತ್ತೇವೆ. ಕಟ್ಟಿಗೆ ಒಟ್ಟುತ್ತೇವೆ. ರಸ್ತೆಗೂ ಹಾಗೆಯೇ ವರ್ಷದ ಕೆಲಸ ಇದೆ.

1. ಮೇ ತಿಂಗಳಲ್ಲಿ ಚರಂಡಿಯ ಹೂಳು ತೆಗೆಯಬೇಕು. ತೆಗೆದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕಬಾರದು. ಮೊದಲ ಮಳೆಗೆ ಅದು ಮತ್ತೆ ಚರಂಡಿಗೇ ಬೀಳುತ್ತದೆ.

2. ಅಂಚಿನ ಹುಲ್ಲು, ಮಣ್ಣು ಕೆರೆಯಬೇಕು. ಹಾರೆ ಸಾಕು.

3. ಮೋರಿಯ ಬಾಯಿ ನೋಡಬೇಕು. ಮಡಲು, ತೆಂಗಿನ ಸಿಪ್ಪೆ, ಪ್ಲಾಸ್ಟಿಕ್ ತೊಟ್ಟೆ ಸಿಕ್ಕಿರುತ್ತದೆ. ತೆಗೆಯಬೇಕು.

4. ಬಚ್ಚಲಿನ ನೀರನ್ನು ರಸ್ತೆಗೆ ಬಿಡಬಾರದು. ಬಾಳೆಯ ಬುಡಕ್ಕೆ ಬಿಡಿ. ರಸ್ತೆಯೂ ಉಳಿಯುತ್ತದೆ. ಬಾಳೆಯೂ ಬರುತ್ತದೆ.

5. ಕಲ್ಲು, ಹೊಯಿಗೆ ತುಂಬಿದ ದೊಡ್ಡ ಲಾರಿ ಮಳೆಗಾಲದಲ್ಲಿ ಸಣ್ಣ ರಸ್ತೆಗೆ ಬಾರದ ಹಾಗೆ ನೋಡಬೇಕು. ಮನೆ ಕಟ್ಟುವವರು ಕಲ್ಲನ್ನು ಬೇಸಿಗೆಯಲ್ಲೇ ತರಿಸಿಕೊಳ್ಳಲಿ.

ಈ ಐದು ಕೆಲಸಕ್ಕೆ ಹಣ ಬೇಡ, ಅಥವಾ ಸ್ವಲ್ಪ ಸಾಕು. ಒಂದು ಭಾನುವಾರದ ಶ್ರಮದಾನದಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಆದರೆ ಒಂದು ಮಾತು. ಶ್ರಮದಾನ ಮಾಡುವುದು ನಮ್ಮ ಪ್ರೀತಿ. ರಸ್ತೆ ನೋಡಿಕೊಳ್ಳುವುದು ಪಂಚಾಯತಿಯ ಹೊಣೆ. ಒಂದನ್ನು ಮಾಡಿದೆವು ಎಂದು ಇನ್ನೊಂದನ್ನು ಕೇಳುವುದು ಬಿಡಬಾರದು.

ಹೊಂಡ ಮುಚ್ಚುವ ಕ್ರಮ

ಹೊಂಡಕ್ಕೆ ಮಣ್ಣು ತುಂಬಿಸುವುದನ್ನು ನಾವೆಲ್ಲ ನೋಡಿದ್ದೇವೆ. ಎರಡು ಮಳೆಗೆ ಅದು ಎದ್ದು ಹೋಗುತ್ತದೆ. ಹಣ ನೀರಿಗೆ ಹೋಯಿತು ಎಂದು ಹೇಳುವುದು ಇದಕ್ಕೇ.

ಸರಿಯಾದ ಕ್ರಮ ಹೀಗಿದೆ:

ಮೊದಲು ಹೊಂಡದ ಸುತ್ತ ಚೌಕ ಆಕಾರದಲ್ಲಿ ಕತ್ತರಿಸಬೇಕು. ಅಲುಗಾಡುವ ಜಲ್ಲಿ ತೆಗೆಯಬೇಕು. ನೀರು, ಕೆಸರು, ಧೂಳು ಏನೂ ಇರಬಾರದು. ಹಿಡಿಸೂಡಿಯಿಂದ ಗುಡಿಸಬೇಕು. ತಳಕ್ಕೂ ಬದಿಗೂ ತೆಳ್ಳಗೆ ಡಾಂಬರು ಸವರಬೇಕು. ಆಮೇಲೆ ಡಾಂಬರು ಬೆರೆಸಿದ ಜಲ್ಲಿಯನ್ನು ಪದರ ಪದರವಾಗಿ ತುಂಬಿಸಬೇಕು. ಪ್ರತಿ ಪದರವನ್ನೂ ಗುದ್ದಬೇಕು. ಕೊನೆಗೆ ಅಂಚಿನ ಸಂದು ಮುಚ್ಚಬೇಕು.

60 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಆಳದ ಒಂದು ಹೊಂಡಕ್ಕೆ 36 ಲೀಟರ್ ಜಾಗ. ಅಂದರೆ ಎರಡೂವರೆ ಕೊಡಪಾನದಷ್ಟು ಜಲ್ಲಿ ಸಾಕು. ಅದನ್ನು ಬಿಟ್ಟರೆ ಮುಂದಿನ ವರ್ಷ ಬುಟ್ಟಿಯಲ್ಲಿ ಅಲ್ಲ, ಲಾರಿಯಲ್ಲಿ ತರಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡ ಹಾಗೆ.

ಬಿಸಿ ಡಾಂಬರಿನ ಕೆಲಸ ಮಳೆಯಲ್ಲಿ ಆಗುವುದಿಲ್ಲ. ಆದ್ದರಿಂದ ಹೊಂಡವನ್ನು ಬೇಸಿಗೆಯಲ್ಲೇ ಮುಚ್ಚಬೇಕು. ಕಾಯಿಸದೆ ಹಾಕುವ ತಣ್ಣನೆ ಮಿಶ್ರಣವೂ ಈಗ ಇದೆ. ಮಳೆಗಾಲದ ತುರ್ತಿಗೆ ಅದು ಆಗುತ್ತದೆ.

ಪೇಟೆಯವರು ಏನು ಮಾಡುತ್ತಾರೆ?

ದೊಡ್ಡ ಪೇಟೆಗಳಲ್ಲಿ ಸಾವಿರಾರು ಸಣ್ಣ ರಸ್ತೆಗಳು ಇರುತ್ತವೆ. ಎಲ್ಲವನ್ನೂ ಒಂದೇ ವರ್ಷ ಹೊಸದು ಮಾಡಲು ಯಾರಲ್ಲೂ ಹಣ ಇಲ್ಲ. ಲೆಕ್ಕ ಇಟ್ಟು ನಡೆಸುವ ಪೇಟೆಯವರು ಹೀಗೆ ಮಾಡುತ್ತಾರೆ. ಎಲ್ಲ ರಸ್ತೆಗಳ ಪಟ್ಟಿ ಮಾಡುತ್ತಾರೆ. ಮೂರು ಗುಂಪು ಮಾಡುತ್ತಾರೆ.

ಒಳ್ಳೆಯ ರಸ್ತೆ: ಬಿರುಕು ಮಾತ್ರ ಮುಚ್ಚುತ್ತಾರೆ.

ನಡು ಸ್ಥಿತಿಯ ರಸ್ತೆ: ಹೊಂಡ ಮುಚ್ಚಿ ಮೇಲೆ ಒಂದು ತೆಳು ಪದರ ಹಾಕುತ್ತಾರೆ.

ಪೂರ್ತಿ ಹಾಳಾದ ರಸ್ತೆ: ಅಗೆದು ಹೊಸದು ಮಾಡುತ್ತಾರೆ. ಇದಕ್ಕೆ ಖರ್ಚು ಬಹಳ. ಆದ್ದರಿಂದ ಸರದಿಯಲ್ಲಿ ಮಾಡುತ್ತಾರೆ.

ಅಮೆರಿಕದ ಲಾಸ್ ಏಂಜಲೀಸ್ ಪೇಟೆಯಲ್ಲಿ ಮನೆಗಳ ನಡುವಿನ ರಸ್ತೆಗೆ ತೆಳು ಲೇಪ ಹಾಕುತ್ತಾರೆ. ನೀರಿನಲ್ಲಿ ಬೆರೆಸಿದ ಡಾಂಬರಿಗೆ ಸಣ್ಣ ಕಲ್ಲಿನ ಪುಡಿ ಕಲಸಿ ದೋಸೆ ಹಿಟ್ಟಿನ ಹಾಗೆ ಹರಡುತ್ತಾರೆ. ನೀರು ಇಳಿಯುವುದಿಲ್ಲ. ರಸ್ತೆ ಇನ್ನೂ ಕೆಲವು ವರ್ಷ ಬಾಳುತ್ತದೆ.

ಬೆಂಗಳೂರಿನಲ್ಲಿ ಕೆಲವು ದೊಡ್ಡ ರಸ್ತೆಗಳಿಗೆ ಹಳೆ ಡಾಂಬರಿನ ಮೇಲೆಯೇ ಕಾಂಕ್ರೀಟು ಹಾಕಿದ್ದಾರೆ. ಇನ್ನು ಕೆಲವು ರಸ್ತೆಗಳಲ್ಲಿ ನೀರಿನ ಪೈಪು, ಕರೆಂಟು ತಂತಿಗೆ ಬದಿಯಲ್ಲಿ ಬೇರೆ ಜಾಗ ಮಾಡಿದ್ದಾರೆ. ಮತ್ತೆ ಮತ್ತೆ ರಸ್ತೆ ಅಗೆಯುವುದು ತಪ್ಪಲಿ ಎಂದು.

ಪ್ಲಾಸ್ಟಿಕ್ ಹಾಕಿದ ರಸ್ತೆಯೂ ಇದೆ. ಮಧುರೈಯ ಒಂದು ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ಎಂಬವರು ಈ ಕ್ರಮ ಕಂಡುಹಿಡಿದರು. ಚೂರು ಮಾಡಿದ ಪ್ಲಾಸ್ಟಿಕ್ಕನ್ನು ಬಿಸಿ ಜಲ್ಲಿಯ ಮೇಲೆ ಹಾಕುತ್ತಾರೆ. ಅದು ಕರಗಿ ಜಲ್ಲಿಗೆ ಅಂಟುತ್ತದೆ. ಆಮೇಲೆ ಡಾಂಬರು ಸೇರಿಸುತ್ತಾರೆ. ಅವರಿಗೆ 2018ರಲ್ಲಿ ಪದ್ಮಶ್ರೀ ಸಿಕ್ಕಿತು. ಬೆಂಗಳೂರಿನಲ್ಲಿಯೂ ಇಂಥ ರಸ್ತೆಗಳನ್ನು ಮಾಡಿದ್ದಾರೆ. ಇದನ್ನು ಓದಿ ಮನೆಯಲ್ಲಿ ಯಾರೂ ಪ್ಲಾಸ್ಟಿಕ್ ಸುಡಬೇಡಿ. ಆ ಹೊಗೆ ವಿಷ.

ಡಾಂಬರೋ, ಕಾಂಕ್ರೀಟೋ?

"ಕಾಂಕ್ರೀಟು ಮಾಡಿ" ಎಂದು ಈಗ ಎಲ್ಲರೂ ಕೇಳುತ್ತಾರೆ. ನಮ್ಮ ಮಳೆಗೆ ಕಾಂಕ್ರೀಟು ಒಳ್ಳೆಯದು ಹೌದು. ನೀರಿಗೆ ಬೇಗ ಏಳುವುದಿಲ್ಲ. ಆದರೆ ಮೊದಲ ಖರ್ಚು ಹೆಚ್ಚು. ಕೆಲಸ ಸರಿ ಆಗದಿದ್ದರೆ ಅದೂ ಒಡೆಯುತ್ತದೆ. ಒಡೆದರೆ ರಿಪೇರಿ ಕಷ್ಟ.

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ನೀರು ಕುಡಿದು ಗಟ್ಟಿಯಾಗುತ್ತದೆ. ಹಾಕಿದ ಮೇಲೆ ಕನಿಷ್ಠ ಎರಡು ವಾರ ಒದ್ದೆ ಇಡಬೇಕು. ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ. ಅಥವಾ ಗೋಣಿ ಹಾಸಿ ನೀರು ಹಾಕುತ್ತಾರೆ. ಪ್ರತಿ ಮೂರು, ನಾಲ್ಕು ಮೀಟರಿಗೆ ಒಂದು ಸಂದು ಬಿಡಬೇಕು. ಇಲ್ಲದಿದ್ದರೆ ಬಿಸಿಲಿಗೆ ತಾನೇ ಬಿರಿಯುತ್ತದೆ.

ಗದ್ದೆಯ ಬದಿ, ನೀರು ನಿಲ್ಲುವ ತಗ್ಗು, ಕಡಿದಾದ ಏರು, ಇಂಥ ಕಡೆ ಮಾತ್ರ ಕಾಂಕ್ರೀಟು ಹಾಕಿ, ಉಳಿದ ಕಡೆ ಡಾಂಬರು ಇಟ್ಟರೆ ಖರ್ಚು ಉಳಿಯುತ್ತದೆ. ಹೊಯಿಗೆ ನೆಲದಲ್ಲಿ ರಸ್ತೆಯ ಅಂಚಿಗೆ ಮುರಕಲ್ಲು ಕಟ್ಟಬೇಕು. ಇಲ್ಲವಾದರೆ ಅಂಚು ಜಾರುತ್ತದೆ. ತೀರ ಸಣ್ಣ ದಾರಿಗೆ ಇಂಟರ್‌ಲಾಕ್ ಕಲ್ಲು ಆಗುತ್ತದೆ. ಪೈಪು ಹಾಕಲು ಬಂದರೆ ಕಲ್ಲು ತೆಗೆದು, ಮತ್ತೆ ಅದೇ ಕಲ್ಲು ಕೂರಿಸಬಹುದು.

ಯಾವುದೇ ರಸ್ತೆಯಾಗಲಿ, ಮೊದಲು ಪೈಪು, ಆಮೇಲೆ ರಸ್ತೆ. 2019ರಲ್ಲಿ ಜಲಜೀವನ್ ಯೋಜನೆ ಬಂದ ಮೇಲೆ ಬಹಳ ಊರುಗಳಲ್ಲಿ ನಳ್ಳಿ ನೀರಿಗಾಗಿ ರಸ್ತೆ ಅಗೆದಿದ್ದಾರೆ. ನಳ್ಳಿ ಬೇಕು. ಅಗೆದ ಜಾಗ ಸರಿ ಮಾಡುವುದೂ ಬೇಕು. ಗುದ್ದದೆ ಮಣ್ಣು ಎಳೆದು ಹೋದರೆ ಅದೇ ಮುಂದಿನ ಹೊಂಡ. ಕೆಲಸದವರು ಊರು ಬಿಡುವ ಮೊದಲೇ ಕೇಳಿ.

ಇದು ಯಾರ ರಸ್ತೆ?

ಮರವಂತೆ ಮೊದಲು ಕುಂದಾಪುರ ತಾಲೂಕಿನಲ್ಲಿ ಇತ್ತು. ಈಗ ಬೈಂದೂರು ತಾಲೂಕಿನಲ್ಲಿ ಇದೆ. ಅರ್ಜಿ ಎಲ್ಲಿಗೆ ಕೊಡಬೇಕು ಎಂದು ತಿಳಿಯಲು ರಸ್ತೆ ಯಾರದ್ದು ಎಂದು ಗೊತ್ತಿರಬೇಕು.

ರಾಷ್ಟ್ರೀಯ ಹೆದ್ದಾರಿ ಕೇಂದ್ರ ಸರಕಾರದ್ದು. ರಾಜ್ಯ ಹೆದ್ದಾರಿ ಮತ್ತು ಜಿಲ್ಲೆಯ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದು. ಊರ ಒಳಗಿನ ಸಣ್ಣ ರಸ್ತೆ ಹೆಚ್ಚಾಗಿ ಗ್ರಾಮ ಪಂಚಾಯತಿಯದ್ದು.

ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾಯಿತು. ಆ ಯೋಜನೆಯಲ್ಲಿ ಮಾಡಿದ ರಸ್ತೆಯನ್ನು ಮಾಡಿದ ಗುತ್ತಿಗೆದಾರರೇ 5 ವರ್ಷ ನೋಡಿಕೊಳ್ಳಬೇಕು. ರಸ್ತೆಯ ಬದಿಯಲ್ಲಿ ಬೋರ್ಡು ಇರುತ್ತದೆ. ಮುಗಿದ ದಿನ ಅದರಲ್ಲಿ ಇರುತ್ತದೆ. ಓದಿ. ಐದು ವರ್ಷ ಆಗದಿದ್ದರೆ ಹೊಸ ಹಣ ಕೇಳಬೇಕಾಗಿಲ್ಲ. ಮಾಡಿದವರನ್ನೇ ಕರೆಸಿ ಎಂದು ಹೇಳಬಹುದು.

ಅಕ್ಷರ ಬಾರದ ದಿನ ಆ ಬೋರ್ಡು ನಮಗೆ ಬರೀ ಬಣ್ಣದ ತಗಡು. ಈಗ ಹಾಗಲ್ಲ.

ವಾರ್ಡು ಸಭೆಯಲ್ಲಿ ಆದ ಮಾತು

1993ರಲ್ಲಿ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಬಂತು. ಗ್ರಾಮಸಭೆ, ವಾರ್ಡು ಸಭೆಯಲ್ಲಿ ಮಾತನಾಡುವುದು ಮತದಾರರೆಲ್ಲರ ಹಕ್ಕು. 2010ರಿಂದ ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ. ಆದರೆ ಸಭೆಗೆ ನಾವೇ ಹೋಗದಿದ್ದರೆ?

ನಾವು ಹನ್ನೆರಡು ಹೆಂಗಸರು ಹೋದೆವು. ಎರಡು ರಸ್ತೆಯ ಮಾತು ಬಂತು. ಒಂದು ಶಾಲೆಯ ರಸ್ತೆ. ಅಲ್ಲಲ್ಲಿ ಹೊಂಡ, ಬಿರುಕು. ಇನ್ನೊಂದು ಗದ್ದೆ ಬದಿಯ ರಸ್ತೆ. ಪೂರ್ತಿ ಹಾಳು. ಬಸುರಿಯನ್ನು ಕುರ್ಚಿಯಲ್ಲಿ ಹೊತ್ತದ್ದು ಆ ರಸ್ತೆಯಲ್ಲಿಯೇ.

ಇರುವ ಹಣ ಎರಡಕ್ಕೂ ಸಾಲದು. ಯಾವುದಕ್ಕೆ ಹಾಕುವುದು?

ಲೆಕ್ಕ ಮಾಡಿ ನೋಡೋಣ. ಇಲ್ಲಿನ ಅಂಕಿ ಲೆಕ್ಕ ಕಲಿಯಲು ನಾವು ಇಟ್ಟುಕೊಂಡದ್ದು. ನಿಜವಾದ ದರ ಪಂಚಾಯತಿಯ ಅಂದಾಜು ಪಟ್ಟಿಯಲ್ಲಿ ಇರುತ್ತದೆ.

ಇರುವ ಹಣ: 3 ಲಕ್ಷ ರೂಪಾಯಿ.

ಶಾಲೆಯ ರಸ್ತೆಗೆ ಈಗ ಬೇಕಾದ್ದು: 2 ಲಕ್ಷ. ಬಿಟ್ಟರೆ ಎರಡು ಮಳೆಗಾಲದಲ್ಲಿ ಪೂರ್ತಿ ಹಾಳು. ಆಗ ಬೇಕಾದ್ದು: 8 ಲಕ್ಷ.

ಗದ್ದೆ ಬದಿಯ ರಸ್ತೆಗೆ ಈಗ ಬೇಕಾದ್ದು: 8 ಲಕ್ಷ.

ಮೊದಲ ದಾರಿ: 3 ಲಕ್ಷವನ್ನೂ ಗದ್ದೆ ಬದಿಯ ರಸ್ತೆಗೆ ಹಾಕುವುದು. ಅಲ್ಲಿ ಇನ್ನೂ 5 ಲಕ್ಷದ ಕೆಲಸ ಬಾಕಿ. ಶಾಲೆಯ ರಸ್ತೆ ಹಾಳಾಗಿ ಅಲ್ಲಿ 8 ಲಕ್ಷ. ಮುಂದೆ ಬೇಕಾದ್ದು ಒಟ್ಟು 13 ಲಕ್ಷ.

ಎರಡನೆಯ ದಾರಿ: ಶಾಲೆಯ ರಸ್ತೆಗೆ 2 ಲಕ್ಷ. ಗದ್ದೆ ಬದಿಯ ರಸ್ತೆಗೆ 1 ಲಕ್ಷದಲ್ಲಿ ಚರಂಡಿ, ಮತ್ತು ಆಟೋ ಬರುವಷ್ಟು ಜಲ್ಲಿ. ಮುಂದೆ ಬೇಕಾದ್ದು 8 ಲಕ್ಷ.

13ರಲ್ಲಿ 8 ಕಳೆದರೆ 5. ಎರಡನೆಯ ದಾರಿಯಲ್ಲಿ 5 ಲಕ್ಷ ಉಳಿಯಿತು.

ಲೆಕ್ಕ ಸರಿ. ಆದರೆ ಬಸುರಿಯ ಅತ್ತೆ ಎದ್ದು ನಿಂತರು. ಅವರ ಕಣ್ಣಲ್ಲಿ ನೀರು.

"ನಮ್ ರಸ್ತಿ ಸತ್ತ್ ಹೋಯ್ತ್. ನಿಮ್ ರಸ್ತಿಗೆ ನೆಗಡಿ. ಮದ್ದ್ ನಿಮ್ಗಾ?" ಎಂದು ಕೇಳಿದರು.

ಸಭೆ ಸುಮ್ಮನಾಯಿತು. ನಾವೂ ಸುಮ್ಮನಾದೆವು. ಅವರ ಮಾತಿನಲ್ಲಿ ತಪ್ಪಿಲ್ಲ. ಹಣ ಉಳಿಯುವ ಲೆಕ್ಕ ಒಂದು. ಜೀವ ಉಳಿಯುವ ಲೆಕ್ಕ ಇನ್ನೊಂದು. ಎರಡನ್ನೂ ಕೂಡಿಸಬೇಕು.

ಕೊನೆಗೆ ಹೀಗೆ ತೀರ್ಮಾನ ಆಯಿತು. ಗದ್ದೆ ಬದಿಯ ರಸ್ತೆಯ ಚರಂಡಿ ಮತ್ತು ಜಲ್ಲಿಯ ಕೆಲಸ ಮೊದಲು. ಅದು ಮುಗಿದ ಮೇಲೆ ಶಾಲೆಯ ರಸ್ತೆ. ಮುಂದಿನ ವರ್ಷದ ಯೋಜನೆಯಲ್ಲಿ ಗದ್ದೆ ಬದಿಯ ರಸ್ತೆಗೆ ಮೊದಲ ನಂಬರು.

ಆ ಅಕ್ಕ ಮತ್ತೆ ಹೇಳಿದರು: "ಬರದ್ ಇಡಿ. ಬಾಯ್ ಮಾತ್ ಬ್ಯಾಡ."

ನಡಾವಳಿ ಪುಸ್ತಕದಲ್ಲಿ ಬರೆದರು. ಆ ಅಕ್ಕ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಓದಲು ಹತ್ತು ನಿಮಿಷ ಬೇಕಾಯಿತು. ಯಾರೂ ಅವಸರ ಮಾಡಲಿಲ್ಲ. ಓದಿ ಮುಗಿಸಿ ಸಹಿ ಹಾಕಿದರು. ಹೆಬ್ಬೆಟ್ಟು ಅಲ್ಲ, ಸಹಿ.

ಕೆಲಸ ಶುರುವಾದ ದಿನ ನಾವು ಹಗ್ಗ ತೆಗೆದುಕೊಂಡು ಹೋದೆವು. ಮೀಟರ್ ಲೆಕ್ಕಕ್ಕೆ ಹಗ್ಗಕ್ಕೆ ಗಂಟು ಹಾಕಿದ್ದೆವು. ಬೋರ್ಡಿನಲ್ಲಿದ್ದ ಉದ್ದ ಅಳೆದೆವು. ಸರಿ ಇತ್ತು. ಮೇಸ್ತ್ರಿ ನಕ್ಕರು. "ಇನ್ನ್ ನಮ್ಗೆ ಇಂಜಿನಿಯರ್ ಬ್ಯಾಡ, ನೀವೇ ಸಾಕ್" ಎಂದರು.

ಆ ಮಳೆಗಾಲದಲ್ಲಿ ಗದ್ದೆ ಬದಿಯ ರಸ್ತೆಗೆ ಆಟೋ ಬಂತು. ಕುಲುಕುತ್ತಾ ಬಂತು. ಆದರೂ ಬಂತು. ಡಾಂಬರು ಇನ್ನೂ ಬಾಕಿ ಇದೆ. ಮುಂದಿನ ಸಭೆಗೂ ನಾವು ಹೋಗುತ್ತೇವೆ.

ಅರ್ಜಿ ಬರೆಯುವ ಕ್ರಮ

ಈ ಮಾದರಿ ನೋಡಿ ನಿಮ್ಮ ರಸ್ತೆಗೆ ಅರ್ಜಿ ಬರೆಯಿರಿ.

ಇವರಿಗೆ,
ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯತ್, .................

ಮಾನ್ಯರೇ,
ವಿಷಯ: ರಸ್ತೆ ಮತ್ತು ಚರಂಡಿ ದುರಸ್ತಿ ಬಗ್ಗೆ.

ನಮ್ಮ ವಾರ್ಡಿನ ............ ರಸ್ತೆ ಸುಮಾರು ...... ಮೀಟರ್ ಉದ್ದ ಇದೆ. ಇದರಲ್ಲಿ ...... ಹೊಂಡಗಳಿವೆ. ...... ಕಡೆ ಚರಂಡಿ ಮುಚ್ಚಿದೆ. ಈ ರಸ್ತೆಯಲ್ಲಿ ...... ಮನೆಗಳಿವೆ. ಮಳೆಗಾಲಕ್ಕೆ ಮೊದಲು ಚರಂಡಿ ಬಿಡಿಸಿ, ಹೊಂಡ ಮುಚ್ಚಿಸಬೇಕಾಗಿ ಕೇಳಿಕೊಳ್ಳುತ್ತೇವೆ.

ದಿನಾಂಕ: ............
ಇಂತಿ, ಈ ರಸ್ತೆಯ ನಿವಾಸಿಗಳು
(ಸಹಿಗಳು)

ಅರ್ಜಿಯ ಎರಡು ಪ್ರತಿ ಮಾಡಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ಪಂಚಾಯತಿಯ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಬಹುದು. ಎಷ್ಟು ಹಣ ಬಂತು, ಯಾವ ರಸ್ತೆಗೆ ಹೋಯಿತು ಎಂದು ತಿಳಿಯುವುದು ನಮ್ಮ ಹಕ್ಕು.

ನೆನಪಿಡಿ

ರಸ್ತೆಯ ಮೊದಲ ಶತ್ರು ನಿಂತ ನೀರು.
ಹೊಂಡ ಸಣ್ಣದಿರುವಾಗಲೇ ಮುಚ್ಚಿಸಿ.
ಮೊದಲು ಚರಂಡಿ, ಆಮೇಲೆ ಪೈಪು, ಕೊನೆಗೆ ಡಾಂಬರು.
ಬೋರ್ಡು ಓದಿ. ಸಭೆಗೆ ಹೋಗಿ. ಬರೆಸಿ, ಓದಿ, ಸಹಿ ಹಾಕಿ.

ಹೊಸ ಶಬ್ದಗಳು

ಅಂದಾಜು ಪಟ್ಟಿ: ಕೆಲಸಕ್ಕೆ ಎಷ್ಟು ಖರ್ಚು ಎಂದು ಮೊದಲೇ ಬರೆದ ಲೆಕ್ಕ.
ನಡಾವಳಿ: ಸಭೆಯಲ್ಲಿ ಆದ ತೀರ್ಮಾನ ಬರೆದಿಡುವ ಬರಹ.
ದುರಸ್ತಿ: ಹಾಳಾದದ್ದನ್ನು ಸರಿ ಮಾಡುವುದು.
ಮೋರಿ: ರಸ್ತೆಯ ಅಡಿಯಲ್ಲಿ ನೀರು ದಾಟುವ ದಾರಿ.

ಉತ್ತರ ಬರೆಯಿರಿ

1. ರಸ್ತೆಯಲ್ಲಿ ಭಾರ ಹೊರುವುದು ಯಾವುದು?
2. ಹೊಂಡಕ್ಕೆ ಬರೀ ಮಣ್ಣು ತುಂಬಿಸಿದರೆ ಏನಾಗುತ್ತದೆ?
3. ನಿಮ್ಮ ರಸ್ತೆ 150 ಮೀಟರ್ ಉದ್ದ, 3 ಮೀಟರ್ ಅಗಲ ಇದ್ದರೆ ಎಷ್ಟು ಚದರ ಮೀಟರ್?
4. ಆ ಸಭೆಯಲ್ಲಿ ನೀವು ಇದ್ದಿದ್ದರೆ ಯಾವ ರಸ್ತೆಗೆ ಹಣ ಹಾಕಿ ಎನ್ನುತ್ತಿದ್ದಿರಿ? ಯಾಕೆ? ತರಗತಿಯಲ್ಲಿ ಮಾತನಾಡಿ.

ಮಾಡಿ ನೋಡಿ

ನಾಳೆ ಬೆಳಗ್ಗೆ ಒಂದು ಕೊಡಪಾನ ನೀರು ತೆಗೆದುಕೊಂಡು ನಿಮ್ಮ ರಸ್ತೆಗೆ ಹೋಗಿ. ನಡುವೆ ಹೊಯ್ಯಿರಿ. ನೀರು ಎಲ್ಲಿಗೆ ಹೋಯಿತು? ಪುಸ್ತಕದಲ್ಲಿ ಬರೆದುಕೊಂಡು ಬನ್ನಿ. ಮುಂದಿನ ತರಗತಿಯಲ್ಲಿ ಓದೋಣ.